ಅಲುಗಾಡದ ನೆಲ

ನಮ್ಮ ಕಂಡಕ್ಟರು ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ನಿಂತವರು, ಒಂದು ದಿನವೂ ಕಂಬಿ ಹಿಡಿದವರಲ್ಲ. ಈ ಮಾತನ್ನು ಅವರೇ ದಿನಕ್ಕೆ ಎರಡು ಸಲ ಹೇಳುವುದರಿಂದ ಅರ್ಧಕ್ಕರ್ಧ ಕಳೆದು ನಂಬಬೇಕು ಎಂದು ನಿಮಗೆ ಅನ್ನಿಸಬಹುದು. ಬೇಡ, ಪೂರ್ತಿ ನಂಬಿ. ಅವರ ಬಸ್ಸಿನಲ್ಲಿ ಓಡಾಡಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹೆಗಲಿಗೆ ಚರ್ಮದ ಚೀಲ, ಎಡಗೈಯಲ್ಲಿ ಟಿಕೆಟ್ ಕಟ್ಟು, ಬಲಗೈಯಲ್ಲಿ ಪೆನ್ನು, ಯಾವ ಸೀಟಿಗೂ ಒರಗದೆ ನಡುದಾರಿಯಲ್ಲಿ ನಿಂತಿರುತ್ತಿದ್ದರು. ರಸ್ತೆಗೆ ನಾಯಿಯೋ ಸೈಕಲ್ಲೋ ಅಡ್ಡ ಬಂದು ಡ್ರೈವರು ಬ್ರೇಕು ಒತ್ತಿದರೆ ನಿಂತ ಜನರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ‘ನೋಡ್ಕೊಂಡ್ ಓಡ್ಸಯ್ಯ’ ಎಂದು ಕೂಗಾಡುತ್ತಿದ್ದರು. ಕಂಡಕ್ಟರು ಮಾತ್ರ ಮೊಣಕಾಲನ್ನು ಒಂದಿಷ್ಟು ಸಡಿಲಿಸಿ, ಬರೆಯುತ್ತಿದ್ದ ಅಂಕಿಯನ್ನು ಬರೆದು ಮುಗಿಸುತ್ತಿದ್ದರು. ಬ್ರೇಕು ಬೀಳುವುದು ಡ್ರೈವರನ ಕಾಲಿಗಿಂತ ಮೊದಲು ತಮ್ಮ ಕಾಲಿಗೆ ತಿಳಿಯುತ್ತದೆ ಎನ್ನುವುದು ಅವರ ಜಂಬ. ಜಂಬವೇನೋ ಹೌದು, ಸುಳ್ಳಲ್ಲ.

ಅಂಥ ಮನುಷ್ಯ ಎಪ್ಪತ್ತೊಂದನೇ ವಯಸ್ಸಿನಲ್ಲಿ ಬಿದ್ದದ್ದು ಎಲ್ಲಿ ಅಂದರೆ ಬ್ಯಾಂಕಿನ ಸಾಲಿನಲ್ಲಿ. ಯಾರೂ ತಳ್ಳಲಿಲ್ಲ, ನೆಲ ಒದ್ದೆಯಿರಲಿಲ್ಲ, ತಲೆ ಸುತ್ತಲಿಲ್ಲ. ಮುಂದಿನವನ ಬೆನ್ನು ನೋಡುತ್ತಾ ಸುಮ್ಮನೆ ನಿಂತಿದ್ದವರು ನಿಂತ ಹಾಗೆಯೇ ಪಕ್ಕಕ್ಕೆ ಉರುಳಿದರು. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಮಾಡಿ ಒಳಗೊಂದು ಕಂಬಿ ಇಟ್ಟರು. ಇಪ್ಪತ್ತು ವರ್ಷ ಜೊತೆಯಲ್ಲಿ ದುಡಿದ ಡ್ರೈವರು ಆಸ್ಪತ್ರೆಗೆ ನೋಡಲು ಬಂದವನು, ‘ಹೊರಗಿನ ಕಂಬಿ ಹಿಡೀಲಿಲ್ಲ ಅಂತ ಒಳಗೇ ಹಾಕ್ಬಿಟ್ರಲ್ಲೋ’ ಎಂದು ನಕ್ಕ. ಕಂಡಕ್ಟರೂ ನಕ್ಕರು. ಅವನು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಮನೆಯಲ್ಲಿ ಇರುವುದು ಇಬ್ಬರೇ. ಮಕ್ಕಳಾಗಲಿಲ್ಲ, ಅದರ ದುಃಖವನ್ನು ಇಬ್ಬರೂ ಸೇರಿ ಎಂದೋ ಮುಗಿಸಿದ್ದರು. ಹೆಂಡತಿ ಹೊಲಿಗೆ ಕೆಲಸದವರು, ಓಣಿಗೆಲ್ಲ ಟೈಲರಮ್ಮ. ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ ಅವರ ಮಿಷನ್ನು, ಅದರ ಮೇಲೆ ಸದಾ ಶಾಲೆಯ ಸಮವಸ್ತ್ರದ ರಾಶಿ. ಟೈಲರಮ್ಮನ ಬಲಗಣ್ಣು ಚಿಕ್ಕಂದಿನಿಂದಲೇ ಮಂಜು. ಇಷ್ಟು ವರ್ಷ ಸೂಜಿಗೆ ದಾರ ಪೋಣಿಸಿದ್ದು, ಗುಂಡಿಗೆ ಕಾಜಾ ಹೊಲಿದದ್ದು, ಗಂಡ ಸುಳ್ಳು ಹೇಳುವಾಗ ಅವರ ಮುಖ ನೋಡಿದ್ದು, ಎಲ್ಲ ಎಡಗಣ್ಣಿನ ದುಡಿಮೆ. ಆ ಎಡಗಣ್ಣಿಗೆ ಈಗ ಪೊರೆ ಬಂದಿತ್ತು. ಕಣ್ಣಿನ ಡಾಕ್ಟರು ಎರಡು ಸಲ ಆಪರೇಷನ್ನಿಗೆ ದಿನ ಕೊಟ್ಟರು, ಟೈಲರಮ್ಮ ಎರಡು ಸಲವೂ ಮುಂದೂಡಿದರು. ಕಾರಣ ಬೇರೇನಲ್ಲ. ಆಪರೇಷನ್ ಆದ ಮೇಲೆ ಒಂದು ತಿಂಗಳು ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಮನೆಯಲ್ಲಿ ನೋಡಿದರೆ ಎತ್ತಿ ಕೂರಿಸಿ ಎಬ್ಬಿಸಬೇಕಾದ ಗಂಡ. ‘ಇವ್ರು ಒಬ್ರೇ ನಿಲ್ಲೋ ಹಾಗಾಗ್ಲಿ, ಆಮೇಲೆ ನನ್ನ ಕಣ್ಣು’ ಎಂದುಬಿಟ್ಟರು. ಡಾಕ್ಟರು, ‘ಪೊರೆ ಗಟ್ಟಿಯಾಗ್ತಾ ಇದೆಯಮ್ಮ, ಇನ್ನೂ ಬಿಟ್ರೆ ಕೈ ಮೀರುತ್ತೆ’ ಎಂದು ಗದರಿ ಮೂರನೇ ಸಲ ದಿನ ಕೊಟ್ಟರು. ಆ ವಾರವೇ ಅಂಗಿಯೊಂದು ವಾಪಸ್ಸು ಬಂದಿತ್ತು, ಎಡತೋಳು ಬಲಕ್ಕೆ ಕೂತಿತ್ತು. ಟೈಲರಮ್ಮ ಹೊಲಿಗೆ ಬಿಚ್ಚಿದರು. ಬಿಚ್ಚುವಾಗ ಬ್ಲೇಡು ಬಟ್ಟೆಗೂ ತಾಗಿತು.

ಕಂಡಕ್ಟರು ನಡಿಗೆ ಕಲಿಯಲು ಹೋಗುತ್ತಿದ್ದದ್ದು ಆಸ್ಪತ್ರೆಯ ಹಿಂಭಾಗದ ಉದ್ದನೆಯ ಹಾಲಿಗೆ. ನೀಲಿ ಚಾಪೆಗಳು, ಗೋಡೆಯುದ್ದ ಕನ್ನಡಿ, ಹಿಡಿದು ನಡೆಯಲು ಜೋಡಿ ಸರಳು, ಕೊನೆಯಲ್ಲಿ ರೋಬೋಟು. ರೋಬೋಟು ಅಂದ ಕೂಡಲೇ ಕೈಕಾಲು ಇರುವ ತಗಡಿನ ಮನುಷ್ಯನನ್ನು ಊಹಿಸಬೇಡಿ. ಎರಡು ಮಂಚದಗಲದ ವೇದಿಕೆ, ಅದರ ಸುತ್ತ ಉಕ್ಕಿನ ಚೌಕಟ್ಟು. ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು ನಿಲ್ಲಿಸುತ್ತಾರೆ. ನಾಲ್ಕು ಮೂಲೆಯಿಂದ ನಾಲ್ಕು ಹಗ್ಗ ಸೊಂಟದ ಪಟ್ಟಿಗೆ ಸೇರುತ್ತವೆ, ಇನ್ನೊಂದು ದಪ್ಪ ಹಗ್ಗ ಮೇಲಿನಿಂದ ಬರುತ್ತದೆ. ಎಲ್ಲದರ ತುದಿಯಲ್ಲೂ ಮೋಟಾರು. ನೀವು ನಡೆಯುತ್ತಿರುವಾಗ ಹೇಳದೆ ಕೇಳದೆ ನೆಲ ಜಾರುತ್ತದೆ, ಇಲ್ಲವೇ ಯಾವುದೋ ಮೂಲೆಯ ಹಗ್ಗ ಸೊಂಟವನ್ನು ಸರಕ್ಕನೆ ಎಳೆಯುತ್ತದೆ. ನೀವು ಸಾವರಿಸಿಕೊಳ್ಳಬೇಕು. ಸಾವರಿಸಿಕೊಳ್ಳಲು ಆಗದಿದ್ದರೆ ಮೇಲಿನ ಹಗ್ಗ ತಾನೇ ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಬರುವ ಹಿರಿಯರೆಲ್ಲ ಸೇರಿ ಅದಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟಿದ್ದರು. ತಳ್ಳುವವಳೂ ಅವಳೇ, ಬೀಳದ ಹಾಗೆ ಹಿಡಿಯುವವಳೂ ಅವಳೇ, ಮೇಲೆ ಅಂಕಿ ಹಾಕಿ ಊರಿಗೆಲ್ಲ ತೋರಿಸುವವಳೂ ಅವಳೇ.

ಮಿಕ್ಕವರು ಅತ್ತೆಮ್ಮನ ಎರಡನೇ ಹಂತದಲ್ಲೇ ಕಣ್ಣುಬಾಯಿ ಬಿಡುತ್ತಿದ್ದರು. ಕಂಡಕ್ಟರು ಮೊದಲ ವಾರ ನೋವಿನಿಂದ ಹಲ್ಲು ಕಚ್ಚಿದ್ದು ನಿಜ. ಮೂರನೇ ವಾರ ನೆಲ ಸರಕ್ಕನೆ ಜಾರಿದಾಗ ಅವರ ಮೊಣಕಾಲು ತಾನಾಗಿಯೇ ಸಡಿಲವಾಯಿತು, ಸೊಂಟ ತಾನಾಗಿಯೇ ವಾಲಿತು, ಅವರು ಮಿಸುಕಲಿಲ್ಲ. ಆ ಕ್ಷಣದಲ್ಲಿ ಅವರಿಗೆ ಆದ ಸಂತೋಷವನ್ನು ಏನು ಹೇಳುವುದು. ನಿವೃತ್ತಿಯಾದ ಹದಿಮೂರು ವರ್ಷದ ಮೇಲೆ ಮೈ ಮತ್ತೆ ಡ್ಯೂಟಿಗೆ ಹತ್ತಿತ್ತು. ಫಿಸಿಯೋ ಮಾಡಿಸುವ ಹುಡುಗಿಗೆ ಅವರಿಗಿಂತ ಹೆಚ್ಚು ಖುಷಿ.

‘ತಾತ, ಐದನೇ ಹಂತ ಇಡ್ಲಾ?’

‘ಇಡಿ ಮೇಡಂ. ಮಣ್ಣು ರಸ್ತೇಲಿ ಓಡಿಸಿದ ಹಾಗೆ ಇಡಿ.’

ಐದಾಯಿತು, ಏಳಾಯಿತು, ಒಂಬತ್ತಾಯಿತು. ಅವಳು ಬೇರೆ ವಿಭಾಗದವರನ್ನೆಲ್ಲ ಕರೆದು ತೋರಿಸಿದಳು. ಕಂಡಕ್ಟರು ಎರಡೂ ಕೈ ಎದೆಗೆ ಕಟ್ಟಿಕೊಂಡು, ನೆಲ ಕೆಳಗೆ ಬಡಿದಾಡುತ್ತಿರುವಾಗ ಮೇಲೆ ನಿಂತುಕೊಂಡು ಜನರ ಜೊತೆ ಹರಟೆ ಹೊಡೆದರು. ಒಳ್ಳೆಯ ಹುಡುಗಿ, ಕೆಲಸ ಬಲ್ಲವಳು. ಆದರೆ ಯಾರು ಯಾವುದರಲ್ಲಿ ಜಾಣರೋ ಅವರಿಗೆ ಅದನ್ನೇ ಮಾಡಿಸುತ್ತಾ ಹೋಗುವುದು ಎಂಥ ತಪ್ಪು ಎಂದು ಅವಳಿಗೂ ಹೊಳೆಯಲಿಲ್ಲ.

ಏಕೆಂದರೆ ಮನೆಯಲ್ಲಿ ಕಂಡಕ್ಟರು ಬೀಳುತ್ತಿದ್ದರು.

ಮೊದಲ ಸಲ ಗಡ್ಡ ಮಾಡಿಕೊಳ್ಳುತ್ತಾ ಕನ್ನಡಿಯ ಮುಂದೆ ನಿಂತಾಗ. ಪಕ್ಕದ ಗೋಡೆ ಸಿಕ್ಕಿತು, ಜಾರಿ ಕೂತರು. ಎರಡನೇ ಸಲ ಒಲೆಯ ಮುಂದೆ, ಹಾಲು ಉಕ್ಕುವುದನ್ನು ಕಾಯುತ್ತಾ. ಟೈಲರಮ್ಮ ಸ್ನಾನದ ಮನೆಯಿಂದಲೇ ‘ಏನ್ರೀ ಅದು ಸದ್ದು?’ ಎಂದು ಕೇಳಿದ್ದಕ್ಕೆ ‘ಪಾತ್ರೆ’ ಎಂದರು. ಮೂರನೇ ಸಲ ಟೈಲರಮ್ಮ ಬಟ್ಟೆ ಕೊಡಲು ಹೊರಗೆ ಹೋಗಿದ್ದರು. ಕಂಡಕ್ಟರು ಕಿಟಕಿಯ ಹತ್ತಿರ ನಿಂತು ರಸ್ತೆ ನೋಡುತ್ತಿದ್ದವರು ನೆಲಕ್ಕೆ ಬಂದರು. ಹಿಡಿಯಲು ಏನೂ ಕೈಗೆಟುಕದೆ ಇಪ್ಪತ್ತು ನಿಮಿಷ ಅಂಗಾತ ಬಿದ್ದಿದ್ದು, ಕೊನೆಗೆ ತೆವಳಿಕೊಂಡು ಮಂಚದ ಕಾಲು ಹಿಡಿದು ಎದ್ದರು.

ಆ ಇಪ್ಪತ್ತು ನಿಮಿಷದಲ್ಲಿ ಸೂರಿನ ಫ್ಯಾನು ನೋಡುತ್ತಾ ಮಲಗಿದ್ದಾಗಲೇ ಅವರಿಗೆ ಸಂಗತಿ ಅರ್ಥವಾದದ್ದು. ನಡೆಯುವಾಗ ತೊಂದರೆಯಿಲ್ಲ. ನೆಲ ಅಲುಗಿದರಂತೂ ತೊಂದರೆಯೇ ಇಲ್ಲ. ಸುಮ್ಮನೆ ನಿಂತಾಗ ಮಾತ್ರ ಅವರ ಮೈ ಕಾಯುತ್ತದೆ, ಈಗ ಬಸ್ಸು ಹೊರಡುತ್ತದೆ, ಈಗ ಬ್ರೇಕು ಬೀಳುತ್ತದೆ ಎಂದು. ಕಾದೂ ಕಾದೂ, ಬಾರದ ಎಳೆತಕ್ಕೆ ತಾನೇ ಮೊದಲು ವಾಲಿಬಿಡುತ್ತದೆ. ದುಡಿಯುವ ವಯಸ್ಸಿನಲ್ಲಿ ವಾಲಿದ್ದನ್ನು ತಿದ್ದಿಕೊಳ್ಳುವ ಕಸುವಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಇಲ್ಲ. ಅತ್ತೆಮ್ಮನ ಮೇಲೆ ನಿಂತಷ್ಟೂ ಆ ಕಾಯುವ ಚಟ ಹೆಚ್ಚಾಗುತ್ತಿತ್ತು. ಆಸ್ಪತ್ರೆಯಲ್ಲಿ ಸುಮ್ಮನೆ ನಿಲ್ಲಿಸಿ ಪರೀಕ್ಷೆ ಮಾಡಿದಾಗಲೂ ಸೊಂಟಕ್ಕೆ ಬಿಗಿದ ಹಗ್ಗಗಳ ಸಣ್ಣ ಎಳೆತ ಇದ್ದೇ ಇರುತ್ತಿತ್ತು. ಅಷ್ಟು ಸಾಕು, ಮೈ ಸುಮ್ಮನಿರುತ್ತಿತ್ತು. ಪಟ್ಟಿ ಬಿಚ್ಚಿ ನಿಲ್ಲಿಸಿದರೆ ನಮ್ಮ ಕಂಡಕ್ಟರು ಮಾತಿಗೆ ಮಾತು ಹೆಣೆಯುತ್ತಾ ಕಾಲು ಬದಲಾಯಿಸುತ್ತಾ ನಿಲ್ಲುತ್ತಿದ್ದರು. ಮಾತಿನಲ್ಲಿ ಜನರನ್ನು ಮೈಮರೆಸುವುದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಸರಿ, ತಿಳಿಯಿತಲ್ಲ, ಹೇಳಬಾರದಿತ್ತೇ? ಹೇಳಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವರದು, ಅದೊಂದು. ಅದಕ್ಕಿಂತ ದೊಡ್ಡದು ಕಣ್ಣಿನ ಡಾಕ್ಟರು ಮೂರನೇ ಸಲ ಕೊಟ್ಟ ಆ ದಿನ. ‘ಒಬ್ಬರೇ ಇರಬಹುದು’ ಎಂದು ಫಿಸಿಯೋದವರು ಬರೆದುಕೊಟ್ಟರೆ ಮಾತ್ರ ಆಪರೇಷನ್ನಿಗೆ ಹೋಗುತ್ತೇನೆ ಎಂದು ಟೈಲರಮ್ಮ ಹಟ ಹಿಡಿದಿದ್ದರು. ಹೇಳಿದರೆ ಆ ಕಾಗದ ಸಿಗದು, ಆಪರೇಷನ್ ಮತ್ತೆ ಮುಂದಕ್ಕೆ, ಕಣ್ಣು ಹೋದರೆ ಹೋಯಿತು. ಹೇಳದೆ ಇದ್ದರೆ? ಆಪರೇಷನ್ ಆದ ಮೇಲೆ ಮನೆಯಲ್ಲಿ ಇವರು ದೊಪ್ಪನೆ ಬಿದ್ದರೆ ಹೆಂಡತಿ ಓಡಿ ಬಂದು ಬಗ್ಗಿ ಎತ್ತುತ್ತಾರೆ, ಡಾಕ್ಟರ ಮಾತೆಲ್ಲ ಆಗ ಗಾಳಿಗೆ. ಬಿದ್ದರೆ ತಾನೇ ಅದೆಲ್ಲ, ಬೀಳದಿದ್ದರಾಯಿತು ಎಂದು ಕಂಡಕ್ಟರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮೂರು ಸಲ ಬಿದ್ದವನು ಹೇಳಿಕೊಳ್ಳುವ ಸಮಾಧಾನ ನೋಡಿ.

ಕೊನೆಯ ದಿನ ಇಬ್ಬರೂ ಒಟ್ಟಿಗೆ ಹೋದರು. ಆಪರೇಷನ್ನಿಗೆ ಇನ್ನು ಮೂರು ವಾರ. ಹುಡುಗಿ ಒಂಬತ್ತನೇ ಹಂತ ಇನ್ನೊಮ್ಮೆ ಮಾಡಿಸಿ, ಚಪ್ಪಾಳೆ ತಟ್ಟಿ, ಕಾಗದ ಬರೆದು ಸಹಿ ಹಾಕಿ ಕೊಟ್ಟಳು. ಹೊರಗಿನ ಬೆಂಚಿನ ಮೇಲೆ ಕೂತು ಟೈಲರಮ್ಮ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಕತ್ತು ಓರೆ ಮಾಡಿ ಎಡಗಣ್ಣಿನ ಯಾವುದೋ ಒಂದು ಮೂಲೆಯಿಂದ ಅಕ್ಷರ ಹುಡುಕಿದರು.

‘ಏನ್ ಬರ್ದಿದಾಳೆ ಅಂದ್ರೆ,’ ಎಂದರು, ‘ಈ ವ್ಯಕ್ತಿಯನ್ನು ಒಬ್ಬರೇ ಬಿಡಬಹುದು, ತುಂಬ ಗಟ್ಟಿಮುಟ್ಟಾಗಿದ್ದಾರೆ, ಹೆಂಡತಿ ನಿಶ್ಚಿಂತೆಯಾಗಿರಬಹುದು.’

ಕಾಗದದಲ್ಲಿ ಅಷ್ಟೆಲ್ಲ ಇರಲಿಲ್ಲ. ಎರಡೇ ಸಾಲಿತ್ತು. ಟೈಲರಮ್ಮ ಓದಲಾಗದ್ದನ್ನು ತಮಗೆ ಬೇಕಾದ ಹಾಗೆ ತುಂಬಿಕೊಂಡಿದ್ದರು. ತುಂಬಿಕೊಂಡು ನಗುತ್ತಿದ್ದರು, ಬ್ಯಾಂಕಿನಲ್ಲಿ ಬಿದ್ದಂದಿನಿಂದ ಎಂಟು ತಿಂಗಳಲ್ಲಿ ಕಂಡಕ್ಟರು ನೋಡದಿದ್ದ ನಗು. ಇಂಥವಳಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಎದ್ದು ಮತ್ತೆ ಹಾಲಿನೊಳಗೆ ಹೋದರು.

‘ಮೇಡಂ, ಪಟ್ಟಿ ಕಟ್ಟಿ.’

‘ಮುಗೀತಲ್ಲ ತಾತ?’

‘ಕಟ್ಟಿ. ನಾಲ್ಕೂ ಹಗ್ಗ ಬಿಚ್ಬಿಡಿ. ಮೇಲಿನ್ದು ಒಂದೇ ಸಾಕು, ಅದನ್ನೂ ಸಡ್ಲ ಬಿಡಿ. ಮಿಷನ್ ಆನ್ ಮಾಡ್ಬೇಡಿ. ನೀವು ನನ್ನ ಮಾತಾಡಿಸ್ಬೇಡಿ, ನಾನೂ ಮಾತಾಡಲ್ಲ.’

ಹುಡುಗಿ ಹಾಗೆಯೇ ಮಾಡಿದಳು. ಟೈಲರಮ್ಮ ಬಾಗಿಲಲ್ಲಿ ನಿಂತರು. ಹಾಲಿನಲ್ಲಿದ್ದ ನಾಲ್ಕಾರು ಮುದುಕರು ತಮ್ಮ ತಮ್ಮ ವ್ಯಾಯಾಮ ಬಿಟ್ಟು ತಿರುಗಿದರು. ಕಂಡಕ್ಟರು ಅಲುಗಾಡದ ನೆಲದ ಮೇಲೆ, ಕೈ ಇಳಿಬಿಟ್ಟು, ಎರಡೂ ಕಾಲು ಊರಿ ಸುಮ್ಮನೆ ನಿಂತರು. ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವರ ಬಲ ಮೊಣಕಾಲು ಸಡಿಲವಾಯಿತು, ಭುಜ ಬಲಕ್ಕೆ ವಾಲಿತು, ಯಾರೂ ತಳ್ಳದೆ ಆ ದೊಡ್ಡ ಮೈ ಇಡೀ ಪಕ್ಕಕ್ಕೆ ಬಂತು. ಮೇಲಿನ ಹಗ್ಗ ಟಣ್ಣೆಂದು ಬಿಗಿದು ನೆಲಕ್ಕೆ ಒಂದು ಗೇಣು ಉಳಿದಿರುವಾಗ ಹಿಡಿಯಿತು.

ಒಣಗಲು ಹಾಕಿದ ಕೋಟಿನ ಹಾಗೆ ತೂಗುತ್ತಲೇ ಕಂಡಕ್ಟರು ಹೇಳಿದರು, ‘ಹೀಗೆ ಬೀಳೋದು ನಾನು. ಮನೇಲಿ ಮೂರು ಸಲ ಬಿದ್ದಿದೀನಿ. ಯಾರಿಗೂ ಹೇಳಿಲ್ಲ.’

ಹುಡುಗಿ ಓಡಿ ಬಂದು ಅವರನ್ನು ಹಿಡಿದು ನಿಲ್ಲಿಸಿದಳು. ‘ತಪ್ಪು ನನ್ದು ತಾತ,’ ಎಂದಳು, ‘ನೀವು ಚೆನ್ನಾಗಿ ಮಾಡೋದನ್ನೇ ಮಾಡಿಸ್ದೆ.’ ಟೈಲರಮ್ಮ ಬಾಗಿಲಿನಿಂದ ಬಂದು ಕಾಗದವನ್ನು ಮೇಜಿನ ಮೇಲಿಟ್ಟರು.

ಟೈಲರಮ್ಮ ಮನೆಗೆ ಬಂದು, ಬಾಗಿಲು ಹಾಕಿ, ಮಿಷನ್ನಿನ ಸ್ಟೂಲಿನ ಮೇಲೆ ಕೂತ ಮೇಲೆ ಬಾಯಿ ಬಿಚ್ಚಿದರು.

‘ಪಾತ್ರೆ ಅಂದ್ರಲ್ಲ.’

‘ಹೂಂ.’

‘ಪಾತ್ರೆ ಬಿದ್ದ ಸದ್ದು ನನಗೆ ಗೊತ್ತಿಲ್ವಾ? ಕಣ್ಣು ತಾನೇ ಮಂಜಾಗಿರೋದು. ಬೇರೇನೋ ಬೀಳಿಸಿರ್ಬೇಕು ಅಂತ ಸುಮ್ನಿದ್ದೆ. ನೀವೇ ಬಿದ್ದಿದೀರಿ ಅಂತ ಅಂದ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ.’

‘ಹೇಳಿದ್ರೆ ನೀನು ಮತ್ತೆ ಮುಂದಕ್ಕೆ ಹಾಕ್ತಿದ್ದೆ ಕಣೆ. ನಿನ್ನ ಕಣ್ಣು ನನ್ನಿಂದ ಹೋಯ್ತು ಅಂತಾದ್ರೆ ನಾನು ಬದುಕಿದ್ದು ಏನು ಸುಖ.’

ಟೈಲರಮ್ಮ ಕತ್ತರಿಯ ಬಾಯಿ ಎರಡು ಸಲ ತೆರೆದು ಮುಚ್ಚಿದರು. ಆಮೇಲೆ, ‘ದಿನ ಬದಲಾಯಿಸಲ್ಲ’ ಎಂದರು. ‘ಹೋಗ್ತೀನಿ. ತಂಗಿ ನಾಲ್ಕು ದಿನ ಇರ್ತಾಳಂತೆ. ಆಮೇಲೆ ನಾವಿಬ್ರೇ. ನೀವು ಬಿದ್ರೆ ನಾನು ಎತ್ತಲ್ಲ. ಈಗ್ಲೇ ಹೇಳಿರ್ತೀನಿ, ಆಮೇಲೆ ಕಲ್ಲು ಮನಸ್ಸು ಅನ್ಬೇಡಿ.’

‘ಅನ್ನಲ್ಲ.’

‘ಕೂಗಿದ್ರೂ ಎತ್ತಲ್ಲ.’

‘ಕೂಗಲ್ಲ.’

ಮರುದಿನದಿಂದ ಅತ್ತೆಮ್ಮನ ಸ್ವಭಾವವೇ ಬದಲಾಯಿತು. ಹುಡುಗಿ ಒಂಬತ್ತನೇ ಹಂತದಿಂದ ದಿನಕ್ಕಿಷ್ಟರಂತೆ ಇಳಿಸುತ್ತಾ ಬಂದಳು. ಎಳೆತ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಉಸಿರಾಡಿದಷ್ಟು ಮಾತ್ರ ಉಳಿಯಿತು, ಕೊನೆಗೆ ಅದೂ ಇಲ್ಲ. ನೀವು ನಂಬುತ್ತೀರೋ ಇಲ್ಲವೋ, ಒಂಬತ್ತನೇ ಹಂತದಲ್ಲಿ ಹರಟೆ ಹೊಡೆದ ಮನುಷ್ಯ ಸೊನ್ನೆಯಲ್ಲಿ ಬೆವರಿದರು. ಏನೂ ಬರುವುದಿಲ್ಲ, ಕಾಯಬೇಡ ಎಂದು ಕಾಲಿಗೆ ತಿಳಿಹೇಳುವುದು ಅಷ್ಟು ಸುಲಭವಲ್ಲ. ‘ಮೇಡಂ, ಒಂದು ಚೂರು ಅಲುಗಿಸಿ, ಪುಣ್ಯ ಬರುತ್ತೆ’ ಎಂದು ಬೇಡಿಕೊಂಡರು. ಅವಳು ಅಲುಗಿಸಲಿಲ್ಲ. ‘ಬಸ್ಸು ಡಿಪೋದಲ್ಲಿದೆ ತಾತ, ಡ್ರೈವರ್ ಮನೆಗೆ ಹೋಗಿದಾನೆ’ ಎಂದಳು. ಅದು ಕೇಳಿದಾಗ ಮಾತ್ರ ಅವರ ಮೈಯ ಬಿಗಿ ಸ್ವಲ್ಪ ಇಳಿಯಿತು. ಮೊದಲ ವಾರ ಒಂದು ನಿಮಿಷ, ಎರಡನೇ ವಾರ ಎರಡು, ಮೂರನೆಯದರಲ್ಲಿ ನಾಲ್ಕು.

ಇನ್ನೊಂದು ಪಾಠವೂ ನಡೆಯಿತು. ನೀಲಿ ಚಾಪೆಯ ಮೇಲೆ ಮಲಗಿಸಿ, ಒಬ್ಬರೇ ಏಳುವುದು. ಮೊದಲು ಪಕ್ಕಕ್ಕೆ ಹೊರಳಬೇಕು, ಮೊಣಕೈ ಊರಬೇಕು, ಮಂಡಿಗೆ ಬರಬೇಕು, ಕುರ್ಚಿಯ ಸೀಟಿನ ಮೇಲೆ ಎರಡೂ ಕೈ ಇಟ್ಟು, ಗಟ್ಟಿ ಇರುವ ಕಾಲನ್ನು ಮುಂದೆ ತಂದು ಒತ್ತಿ ಏಳಬೇಕು. ಕಂಡಕ್ಟರಿಗೆ ಇದು ಸುತರಾಂ ಒಗ್ಗಲಿಲ್ಲ. ಮಗು ಅಂಬೆಗಾಲಿಟ್ಟ ಹಾಗೆ ಎಲ್ಲರ ಮುಂದೆ ಹೊರಳಾಡುವುದೆಂದರೆ ಅವರಿಗೆ ಜೀವ ಹಿಂಡಿದಂತೆ. ಆದರೂ ದಿನಕ್ಕೆ ಆರು ಸಲ ಮಾಡಿದರು, ಬೈದುಕೊಳ್ಳುತ್ತಾ ಮಾಡಿದರು. ಆರರಲ್ಲಿ ಎರಡು ಸಲ ಮಂಡಿಯಲ್ಲೇ ಸಿಕ್ಕಿಕೊಳ್ಳುತ್ತಿದ್ದರು, ಹುಡುಗಿ ತೋಳು ಕೊಡಬೇಕಾಗುತ್ತಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ತಂಗಿ ನಾಲ್ಕು ದಿನ ಇದ್ದು, ಅಡುಗೆ ಮಾಡಿ, ಅಕ್ಕಭಾವ ಇಬ್ಬರಿಗೂ ಬುದ್ಧಿ ಹೇಳಿ ಹೊರಟಳು. ಕಣ್ಣಿಗೆ ಹನಿ ಹಾಕುವುದು ಕಂಡಕ್ಟರ ಕೆಲಸ. ಟೈಲರಮ್ಮ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸುತ್ತಿದ್ದರು, ಇವರು ಎದುರಿಗೆ ನಿಂತು, ಅಲುಗಾಡದೆ, ಒಂದೊಂದೇ ಹನಿ ಬೀಳಿಸುತ್ತಿದ್ದರು. ‘ಡಿಪೋ, ಡಿಪೋ’ ಎಂದು ಬಾಯಲ್ಲೇ ಗೊಣಗಿಕೊಳ್ಳುತ್ತಿದ್ದರಂತೆ. ಒಂದು ದಿನವೂ ಹನಿ ಕೆನ್ನೆಗೆ ಬೀಳಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಕಂಡಕ್ಟರು ಬಿದ್ದರು. ಅಡುಗೆಮನೆಯ ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದವರು ನಲ್ಲಿಯಲ್ಲಿ ನೀರು ನಿಂತುಹೋದದ್ದರಿಂದ ಮತ್ತೆ ಬರಲಿ ಎಂದು ಕಾಯುತ್ತಾ ನಿಂತರು. ಕಾಯುವುದು ಬಂತೆಂದರೆ ಮುಗಿಯಿತಲ್ಲ. ದೊಪ್ಪನೆ ಸದ್ದಾಯಿತು, ಲೋಟ ಉರುಳಿಕೊಂಡು ಬಾಗಿಲ ತನಕ ಹೋಯಿತು.

ಟೈಲರಮ್ಮ ಬಂದರು. ಬಾಗಿಲ ಹತ್ತಿರ ಅವರ ಎರಡೂ ಕೈ ತಾವಾಗಿಯೇ ಮುಂದಕ್ಕೆ ಚಾಚಿದವು. ಅವರು ಆ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ನೆಟ್ಟಗೆ ನಿಂತರು.

‘ಪೆಟ್ಟಾಯ್ತಾ?’

‘ಇಲ್ಲ. ಬಗ್ಬೇಡ.’

‘ಬಗ್ಗಲ್ಲ. ಏಳಿ.’

ಕಂಡಕ್ಟರು ಪಕ್ಕಕ್ಕೆ ಹೊರಳಿದರು. ಮೊಣಕೈ ಊರಿದರು. ಟೈಲರಮ್ಮ ಅಡುಗೆಮನೆಯ ಕುರ್ಚಿಯನ್ನು ಕಾಲಿನಿಂದ ಮೆಲ್ಲಮೆಲ್ಲಗೆ ತಳ್ಳುತ್ತಾ ಅವರ ತಲೆಯ ಹತ್ತಿರ ತಂದು, ಅದು ಸರಿಯದ ಹಾಗೆ ಅದರ ಒಂದು ಕಾಲಿಗೆ ತಮ್ಮ ಪಾದ ಅಡ್ಡ ಕೊಟ್ಟರು. ಕಂಡಕ್ಟರು ಮಂಡಿಗೆ ಬಂದರು. ಅಲ್ಲಿ ಸಿಕ್ಕಿಕೊಂಡರು. ಕಂಬಿಯಿದ್ದ ತೊಡೆ ನಡುಗತೊಡಗಿತು, ಅವರಿಗೆ ಗೊತ್ತಿಲ್ಲದ ಹಾಗೆ ಬಲಗೈ ಹೆಂಡತಿಯ ಕಡೆ ಎದ್ದಿತು.

ಟೈಲರಮ್ಮ ಆ ಕೈಯನ್ನು ನೋಡಿದರು. ಹೊಸ ಕಣ್ಣಿಗೆ ಅದರ ನರ ನರವೂ ಕಾಣುತ್ತಿತ್ತು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವರು ಹಿಡಿಯದೆ ಬಿಟ್ಟ ಕೈ ಅದೊಂದೇ. ಕಂಡಕ್ಟರು ಮೇಲೆ ನೋಡಿದರು, ಅವಳು ಹಿಡಿಯುವುದಿಲ್ಲ ಎಂದು ತಿಳಿಯಿತು, ಹಿಡಿಯದೆ ನಿಲ್ಲುವುದಕ್ಕೆ ಅವಳಿಗೆ ಎಷ್ಟು ಕಷ್ಟವಾಗುತ್ತಿದೆ ಎನ್ನುವುದೂ ತಿಳಿಯಿತು. ಕೈಯನ್ನು ಇಳಿಸಿ ಕುರ್ಚಿಯ ಮೇಲಿಟ್ಟರು. ಇನ್ನೊಂದು ಕೈಯನ್ನೂ ಇಟ್ಟರು. ಗಟ್ಟಿ ಕಾಲನ್ನು ಮುಂದೆ ತಂದು, ಹಲ್ಲು ಕಚ್ಚಿ ಒತ್ತಿದರು. ಎದ್ದರು. ತಿರುಗಿ ಕುರ್ಚಿಯ ಮೇಲೆ ಕೂತರು.

ಟೈಲರಮ್ಮ ಆಗ ಹತ್ತಿರ ಬಂದು ಅವರ ತಲೆ, ಮೊಣಕೈ, ಸೊಂಟ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಅವರ ಗಲ್ಲ ಅದುರುತ್ತಿತ್ತು.

‘ಲೇ, ಅಳಬೇಡ್ವೇ,’ ಎಂದು ಕಂಡಕ್ಟರು ಗಾಬರಿಯಾದರು. ‘ಕಣ್ಣು ಒರೆಸಬಾರದು ಅಂದಿದಾರೆ.’

‘ನಾನು ಅಳೋ ಹಾಗಿಲ್ಲ ಅಂತ ನನಗೂ ಗೊತ್ತು,’ ಎಂದರು ಟೈಲರಮ್ಮ, ಸೂರಿನ ಕಡೆ ಮುಖ ಎತ್ತಿಕೊಂಡು, ಕಣ್ಣು ಪಿಳುಕಿಸದೆ. ‘ನಿಮಗೇನು ಅಡ್ಡಿ? ನೀವು ಅಳಿ.’

ಕಂಡಕ್ಟರು ಹೆಂಡತಿಯ ಸೆರಗನ್ನು ಎಳೆದು ಮುಖಕ್ಕೆ ಒತ್ತಿಕೊಂಡು, ಇಬ್ಬರ ಪಾಲಿನದನ್ನೂ ಅತ್ತರು.